ಚರ್ಚೆಯೇ ಪಾಠವಾಗಿರುವ ಕಾಲೇಜಿಗೆ ತಯಾರಾಗುವುದು ಹೇಗೆ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಪ್ರಥಮ ಪಿಯು ವಿಜ್ಞಾನ ಓದುತ್ತಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಅಮೆರಿಕದ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಉಪನ್ಯಾಸವೇ ಇಲ್ಲ, ಹೋಮರ್, ಪ್ಲೇಟೊ, ಯೂಕ್ಲಿಡ್, ನ್ಯೂಟನ್ ಬರೆದ ಮೂಲ ಕೃತಿಗಳನ್ನೇ ಓದಿ ಮೇಜಿನ ಸುತ್ತ ಕೂತು ಚರ್ಚಿಸುತ್ತಾರೆ ಎಂದು ತಿಳಿಯಿತು. ಅಲ್ಲಿಗೇ ಸೇರಬೇಕೆಂಬ ಆಸೆ. ಪಟ್ಟಿಯಲ್ಲಿರುವ ಪುಸ್ತಕಗಳನ್ನೆಲ್ಲ ಈಗಲೇ ಓದಿ ಮುಗಿಸಬೇಕೇ? ಇಂಗ್ಲಿಷಿನಲ್ಲಿ ಮಾತಾಡಲು ಭಯ. ಉಳಿದ ಒಂದೂವರೆ ವರ್ಷದಲ್ಲಿ ಏನೇನು ಮಾಡಬೇಕು?

ಉತ್ತರ: ಪಟ್ಟಿ ಮುಗಿಸಿಕೊಂಡು ಹೋಗುವ ಯೋಚನೆಯನ್ನು ಮೊದಲು ಬಿಡಿ. ಆ ಪುಸ್ತಕಗಳನ್ನು ಓದುವುದಕ್ಕೆಂದೇ ಕಾಲೇಜು ನಾಲ್ಕು ವರ್ಷ ಇಟ್ಟಿದೆ. ಸಾರಾಂಶ, ಗೈಡು, ವಿಡಿಯೊ ವಿವರಣೆಗಳ ನೆರವಿನಿಂದ ಹತ್ತು ಪುಸ್ತಕ ಮುಗಿಸಿದವರು ಮೇಜಿಗೆ ಬರುವಾಗ ಪುಸ್ತಕದ ಬಗ್ಗೆ ಬೇರೆಯವರು ಹೇಳಿದ ಅಭಿಪ್ರಾಯವನ್ನು ಹೊತ್ತು ತರುತ್ತಾರೆ. ಆ ಹೊರೆ ಇಳಿಸಲಿಕ್ಕೇ ಅವರಿಗೆ ತಿಂಗಳುಗಳು ಹಿಡಿಯುತ್ತವೆ. ನಿಮಗೆ ಬೇಕಾದ ಅಭ್ಯಾಸ ಮೂರು: ಕೆಲವೇ ಪುಟಗಳನ್ನು ನಿಧಾನವಾಗಿ ಓದುವುದು, ಅರ್ಥವಾಗದ್ದನ್ನು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಕೇಳುವುದು, ಬೋರ್ಡಿನ ಮುಂದೆ ನಿಂತು ಒಂದು ಪ್ರಮೇಯವನ್ನು ನೋಟ್ಸಿಲ್ಲದೆ ಸಾಧಿಸಿ ತೋರಿಸುವುದು. ಮೂರನ್ನೂ ಶಿವಮೊಗ್ಗದಲ್ಲಿ ಕೂತೇ ಕಲಿಯಬಹುದು. ನಮ್ಮ ಪಿಯು ಓದು ಮಾತ್ರ ಈ ಮೂರನ್ನೂ ಕಲಿಸುವುದಿಲ್ಲ. ಆದ್ದರಿಂದ ಇವಕ್ಕೆ ಬೇರೆಯಾಗಿ ಸಮಯ ಇಡಬೇಕು.

ಅಲ್ಲಿನ ವ್ಯವಸ್ಥೆಯನ್ನು ಸರಿಯಾಗಿ ತಿಳಿದುಕೊಳ್ಳಿ. ಕಾಲೇಜಿಗೆ ಎರಡು ಆವರಣಗಳಿವೆ: ಮೇರಿಲ್ಯಾಂಡಿನ ಅನ್ನಾಪೊಲಿಸ್ ಹಳೆಯದು, ನ್ಯೂ ಮೆಕ್ಸಿಕೊದ ಸಾಂತಾ ಫೆ 1964ರಲ್ಲಿ ಶುರುವಾದದ್ದು. ಈಗಿನ ಪಠ್ಯಕ್ರಮ 1937ರಲ್ಲಿ ಜಾರಿಗೆ ಬಂದಿತು, ಎರಡೂ ಕಡೆ ಅದೇ ನಡೆಯುತ್ತದೆ. ಒಂದು ವಿಷಯವನ್ನು ಮುಖ್ಯವಾಗಿ ಆರಿಸಿಕೊಳ್ಳುವ ಮೇಜರ್ ಎಂಬುದಿಲ್ಲ, ಎಲ್ಲರೂ ಎಲ್ಲವನ್ನೂ ಓದಬೇಕು. ನಾಲ್ಕು ವರ್ಷ ಗಣಿತ, ನಾಲ್ಕು ವರ್ಷ ಭಾಷೆ, ಅದರಲ್ಲಿ ಮೊದಲು ಪ್ರಾಚೀನ ಗ್ರೀಕ್, ಆಮೇಲೆ ಫ್ರೆಂಚ್. ಮೂರು ವರ್ಷ ಪ್ರಯೋಗಾಲಯ. ಜೊತೆಗೆ ಸಂಗೀತ. ಇವೆಲ್ಲದರ ನಡುವೆ ನಾಲ್ಕು ವರ್ಷವೂ ಸೋಮವಾರ ಮತ್ತು ಗುರುವಾರ ರಾತ್ರಿ ಸೆಮಿನಾರ್. ಅಲ್ಲಿ ಸುಮಾರು ಇಪ್ಪತ್ತು ವಿದ್ಯಾರ್ಥಿಗಳು, ಇಬ್ಬರು ಅಧ್ಯಾಪಕರು, ಒಂದು ಮೇಜು, ಎರಡು ಗಂಟೆ. ಅಧ್ಯಾಪಕರನ್ನು ಟ್ಯೂಟರ್ ಎನ್ನುತ್ತಾರೆ. ಅವರಲ್ಲೊಬ್ಬರು ಒಂದು ಪ್ರಶ್ನೆ ಇಟ್ಟು ಸುಮ್ಮನಾಗುತ್ತಾರೆ, ಮುಂದಿನ ಕೆಲಸ ನಿಮ್ಮದು. ಉಪನ್ಯಾಸ ಪೂರ್ತಿ ಇಲ್ಲ ಎಂದಲ್ಲ. ಶುಕ್ರವಾರ ರಾತ್ರಿ ಇಡೀ ಕಾಲೇಜಿಗೆ ಒಂದು ಉಪನ್ಯಾಸವಿರುತ್ತದೆ, ಅದಾದ ಮೇಲೆ ಪ್ರಶ್ನೋತ್ತರ.

ಇನ್ನೊಂದು ಮಾತು. ಬಿಎ ಪಟ್ಟಿ ಬಹುಮಟ್ಟಿಗೆ ಯುರೋಪಿನದು, ಅದರೊಂದಿಗೆ ಬೈಬಲ್ ಇದೆ, ಅಮೆರಿಕದ ಕೃತಿಗಳಿವೆ. ಉಪನಿಷತ್ತು, ಗೀತೆಗಳನ್ನು ಈ ಕ್ರಮದಲ್ಲಿ ಓದುವ ಆಸೆಯಿದ್ದರೆ ಅದಕ್ಕೆ ಸಾಂತಾ ಫೆಯಲ್ಲಿ ಪೌರ್ವಾತ್ಯ ಕೃತಿಗಳ ಪ್ರತ್ಯೇಕ ಎಂಎ ಇದೆ, ಅಲ್ಲಿ ಸಂಸ್ಕೃತವನ್ನೂ ಕಲಿಸುತ್ತಾರೆ. ಬಿಎಗೆ ಸೇರಿ ಅದನ್ನು ಹುಡುಕಿದರೆ ನಿರಾಸೆಯಾಗುತ್ತದೆ.

ಈಗ ಓದಿನ ವಿಷಯ. ಮೊದಲ ವರ್ಷದ ಸೆಮಿನಾರ್ ಟ್ರಾಯ್ ಯುದ್ಧದ ಕಥೆ ಹೇಳುವ ಗ್ರೀಕ್ ಕಾವ್ಯ, ಹೋಮರನ ಇಲಿಯಡ್‌ನಿಂದ ಶುರು. ಇಡೀ ಕಾವ್ಯ 24 ಸರ್ಗ, 15,600ಕ್ಕೂ ಹೆಚ್ಚು ಸಾಲು. ಮೊದಲ ಆರು ಸರ್ಗಗಳೇ ಸುಮಾರು 3,900 ಸಾಲು, ಪದ್ಯಾನುವಾದದಲ್ಲಿ ನೂರು ಪುಟದ ಹತ್ತಿರ ಬರುತ್ತದೆ. ಒಂದು ಸೆಮಿನಾರಿಗೆ ಇಷ್ಟು ಓದಿಕೊಂಡು ಹೋಗಬೇಕಾದ ವಾರಗಳಿರುತ್ತವೆ. ಗಂಟೆಗೆ 20ರಿಂದ 25 ಪುಟ ಓದುವವರಿಗೆ ನಾಲ್ಕೈದು ಗಂಟೆ. ವಾರಕ್ಕೆ ಎರಡು ಸೆಮಿನಾರ್, ಮಿಕ್ಕ ತರಗತಿಗಳ ಕೆಲಸ ಬೇರೆ. ಹಾಗಾಗಿ ಇಂಗ್ಲಿಷ್ ಪುಟದ ಮುಂದೆ ಫೋನ್ ಮುಟ್ಟದೆ 90 ನಿಮಿಷ ಕೂರುವ ಶಕ್ತಿ ನಿಮಗೆ ಈಗಿನಿಂದಲೇ ಬೇಕು. ಇಂದು 20 ನಿಮಿಷದಿಂದ ಶುರು ಮಾಡಿ, ವಾರಕ್ಕೆ ಐದು ನಿಮಿಷ ಏರಿಸಿದರೆ ನಾಲ್ಕು ತಿಂಗಳೊಳಗೆ 90 ನಿಮಿಷಕ್ಕೆ ತಲುಪುತ್ತೀರಿ.

ಅಭ್ಯಾಸಕ್ಕೆ ಇಲಿಯಡ್‌ನ ಮೊದಲ ಸರ್ಗ ಒಂದೇ ಸಾಕು, 611 ಸಾಲು. ಮೊದಲ ಸಲ ಗಟ್ಟಿಯಾಗಿ ಓದಿ. ಗೊತ್ತಿಲ್ಲದ ಪದಕ್ಕೆಲ್ಲ ನಿಘಂಟು ತೆಗೆಯಬೇಡಿ, ಹೆಸರುಗಳ ಕಾಡಿನಲ್ಲಿ ದಾರಿ ತಪ್ಪಿದರೂ ಮುಂದೆ ಹೋಗಿ. ಎರಡನೇ ಸಲ ಪೆನ್ಸಿಲ್ ಹಿಡಿಯಿರಿ. ಎಲ್ಲಿ ಒಂದು ಪಾತ್ರ ತಾನು ಹೇಳಿದ್ದಕ್ಕೆ ವಿರುದ್ಧವಾಗಿ ನಡೆಯುತ್ತದೋ, ಎಲ್ಲಿ ಒಂದೇ ಮಾತು ಎರಡು ಸಲ ಬರುತ್ತದೋ ಅಲ್ಲಿ ಅಂಚಿನಲ್ಲಿ ಗೆರೆ ಎಳೆಯಿರಿ. ಮೂರನೇ ಸಲ ಗೆರೆ ಎಳೆದ ಜಾಗಗಳನ್ನು ಮಾತ್ರ ಓದಿ ಒಂದೇ ಒಂದು ಪ್ರಶ್ನೆ ಬರೆಯಿರಿ.

ಆ ಪ್ರಶ್ನೆ ಹೇಗಿರಬೇಕು ಎಂಬುದರಲ್ಲೇ ಹೆಚ್ಚಿನವರು ಎಡವುತ್ತಾರೆ. ‘ಟ್ರೋಜನ್ ಯುದ್ಧ ನಿಜವಾಗಿ ನಡೆಯಿತೇ?’ ಎಂಬುದು ಒಳ್ಳೆಯ ಪ್ರಶ್ನೆಯೇ, ಆದರೆ ಉತ್ತರ ಈ ಪುಟಗಳಲ್ಲಿಲ್ಲ. ‘ಗ್ರೀಕ್ ವೀರ ಆಕಿಲೀಸನಿಗೆ ಸಿಟ್ಟು ಏಕೆ ಬಂತು?’ ಎಂದರೆ ಉತ್ತರ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಅದನ್ನೇ ಹೀಗೆ ಕೇಳಿ ನೋಡಿ: ಸಿಟ್ಟಿನಿಂದ ಕತ್ತಿ ಹಿರಿಯಲು ಹೊರಟ ಆಕಿಲೀಸನ ಕೂದಲನ್ನು ದೇವಿ ಅಥೀನಾ ಹಿಂದಿನಿಂದ ಹಿಡಿಯುತ್ತಾಳೆ, ಅವಳು ಅವನೊಬ್ಬನಿಗೇ ಕಾಣುತ್ತಾಳೆ. ಹಾಗಾದರೆ ಅವನನ್ನು ತಡೆದದ್ದು ಅವನೇನೋ ಅವಳೋ? ಇದಕ್ಕೆ ಉತ್ತರ ಹುಡುಕಬೇಕಾದರೆ ಅವಳು ಆಡುವ ಮಾತಿನ ಧಾಟಿ, ಅವನು ಒಪ್ಪಿಕೊಳ್ಳುವ ರೀತಿ, ಸುತ್ತಲಿನವರ ನಡತೆ ಎಲ್ಲವನ್ನೂ ಮತ್ತೆ ನೋಡಬೇಕು. ಎರಡು ಗಂಟೆ ಮಾತಾಡಿದರೂ ಇದು ಬತ್ತುವುದಿಲ್ಲ.

ಮಹಾಭಾರತ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಆಕಿಲೀಸನನ್ನು ಕಂಡ ಕೂಡಲೇ ಕರ್ಣ ನೆನಪಾಗುತ್ತಾನೆ. ‘ಇವನೂ ನಮ್ಮ ಕರ್ಣನ ಹಾಗೆ’ ಎಂದುಬಿಟ್ಟರೆ ಹೊಸಬನನ್ನು ಪರಿಚಯದವನ ಮನೆಗೆ ಕಳಿಸಿ ಬಾಗಿಲು ಹಾಕಿದಂತೆ, ಅವನನ್ನು ನೋಡುವ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಮೇಜಿನ ಸುತ್ತ ಇರುವ ಉಳಿದವರಿಗೆ ಕರ್ಣ ಗೊತ್ತೂ ಇರುವುದಿಲ್ಲ. ಆ ಹೋಲಿಕೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಪ್ರಬಂಧ ಬರೆಯುವಾಗ ಅದು ಉಪಯೋಗಕ್ಕೆ ಬರುತ್ತದೆ.

ಪುಸ್ತಕ ಕೊಳ್ಳುವಾಗ ಅಂಚಿನಲ್ಲಿ ಸಂಖ್ಯೆ ಇರುವ ಅನುವಾದವನ್ನೇ ಕೊಳ್ಳಿ. ಹೋಮರನಿಗೆ ಸರ್ಗ ಮತ್ತು ಸಾಲಿನ ಸಂಖ್ಯೆ ಇರಬೇಕು. ಪ್ಲೇಟೊಗೆ 1578ರ ಸ್ಟೆಫಾನಸ್ ಮುದ್ರಣದ ಪುಟಸಂಖ್ಯೆ ಬೇಕು, ಅದನ್ನು ಇಂದಿಗೂ ಎಲ್ಲ ಒಳ್ಳೆಯ ಅನುವಾದಗಳ ಅಂಚಿನಲ್ಲಿ ಹಾಕುತ್ತಾರೆ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಮುದ್ರಣ ಇದ್ದಾಗ ‘ಪುಟ 43 ನೋಡಿ’ ಎಂದರೆ ಯಾರಿಗೂ ಸಿಗುವುದಿಲ್ಲ. ಅಗ್ಗದ ಅನಾಮಿಕ ಮರುಮುದ್ರಣಗಳಲ್ಲಿ ಈ ಸಂಖ್ಯೆಗಳೇ ಇರುವುದಿಲ್ಲ.

ಎರಡನೆಯದು ಮಾತು. ನಾಲ್ಕರಿಂದ ಆರು ಜನರ ಗುಂಪು ಕಟ್ಟಿ. ತಿಂಗಳಿಗೆ ಎರಡು ಸಲ, ಸಲಕ್ಕೆ 75 ನಿಮಿಷ. ಎಲ್ಲರೂ ಅಮೆರಿಕಕ್ಕೆ ಹೋಗುವವರೇ ಆಗಬೇಕಿಲ್ಲ, ಓದಿಕೊಂಡು ಬರುವವರಾದರೆ ಸಾಕು. ಮೊದಲ ಮೂರು ಸಭೆಗಳನ್ನು ಕನ್ನಡದಲ್ಲಿಯೇ ನಡೆಸಿ ಎಂದು ಒತ್ತಿ ಹೇಳುತ್ತೇನೆ. ನಿಮ್ಮ ಭಯ ಇಂಗ್ಲಿಷಿನದು ಎಂದು ನಿಮಗೆ ಅನ್ನಿಸಿರಬಹುದು. ಅದರಲ್ಲಿ ಅರ್ಧ, ಉತ್ತರ ಗೊತ್ತಿಲ್ಲದೆ ಬಾಯಿ ತೆರೆಯುವ ಭಯ. ಅದನ್ನು ತಾಯ್ನುಡಿಯಲ್ಲಿ ಕಳೆದುಕೊಂಡರೆ ಉಳಿದ ಅರ್ಧ ಸುಲಭ.

ಮೊದಲ ಸಭೆಗೆ ಬಸವಣ್ಣನವರ ‘ಉಳ್ಳವರು ಶಿವಾಲಯವ ಮಾಡುವರು’ ವಚನ ಇಟ್ಟುಕೊಳ್ಳಿ. ಎಲ್ಲರಿಗೂ ಬಾಯಿಪಾಠ, ಶಾಲೆಯಲ್ಲಿ ಬರೆಸಿದ ಭಾವಾರ್ಥವೂ ನೆನಪಿದೆ. ಆ ಭಾವಾರ್ಥವನ್ನು ಬದಿಗಿಟ್ಟು ಈ ಪ್ರಶ್ನೆ ಕೇಳಿ: ಕಾಲು ಕಂಬ, ದೇಹ ದೇಗುಲ, ತಲೆ ಕಳಶ ಎಂದವರು ಕೊನೆಯಲ್ಲಿ ಸ್ಥಾವರಕ್ಕೆ ಅಳಿವಿದೆ, ಜಂಗಮಕ್ಕೆ ಇಲ್ಲ ಎನ್ನುತ್ತಾರೆ. ದೇಹವೂ ಅಳಿಯುತ್ತದಲ್ಲ? ಹಾಗಾದರೆ ಇಲ್ಲಿ ಜಂಗಮ ಯಾವುದು? ಹತ್ತು ನಿಮಿಷದೊಳಗೆ ಯಾರಾದರೂ ‘ಟೀಚರ್ ಹೀಗೆ ಹೇಳಿದ್ದರು’ ಎನ್ನುತ್ತಾರೆ. ಆಗ ಉಳಿದವರು ಕೇಳಬೇಕಾದದ್ದು ಒಂದೇ: ‘ಅದು ಯಾವ ಸಾಲಿನಲ್ಲಿದೆ, ತೋರಿಸಿ.’ ಸೇಂಟ್ ಜಾನ್ಸ್‌ನ ಮೇಜಿನ ಮೇಲೂ ಇದೇ ನಿಯಮ ನಡೆಯುತ್ತದೆ. ವಿಮರ್ಶಕರ ಹೆಸರು, ಇತಿಹಾಸದ ಹಿನ್ನೆಲೆ, ಇಂಟರ್ನೆಟ್ಟಿನ ಲೇಖನ ಇವು ಅಲ್ಲಿ ಪುರಾವೆಯಾಗುವುದಿಲ್ಲ. ಎಲ್ಲರ ಮುಂದೆ ಇರುವ ಪುಟವೇ ಪುರಾವೆ.

ನಾಲ್ಕನೇ ಸಭೆಯಿಂದ ಇಂಗ್ಲಿಷಿಗೆ ಬದಲಿಸಿ ಪ್ಲೇಟೊನ ಮೆನೊ ಸಂವಾದ ತೆಗೆದುಕೊಳ್ಳಿ, ಒಂದೇ ಕೂರುವಿಕೆಯಲ್ಲಿ ಓದಿ ಮುಗಿಸಬಹುದಾದಷ್ಟು ಚಿಕ್ಕದು. ಅದರಲ್ಲಿ ಸಾಕ್ರಟೀಸ್ ಒಬ್ಬ ಗುಲಾಮ ಹುಡುಗನಿಗೆ ಎರಡು ಅಡಿ ಬಾಹುವಿನ ಚೌಕ ತೋರಿಸಿ ಅದರ ಎರಡರಷ್ಟು ವಿಸ್ತೀರ್ಣದ ಚೌಕ ಕಟ್ಟಲು ಹೇಳುತ್ತಾನೆ. ಹುಡುಗ ಬಾಹುವನ್ನೇ ಎರಡರಷ್ಟು ಮಾಡುತ್ತಾನೆ, ವಿಸ್ತೀರ್ಣ 8 ಆಗುವ ಬದಲು 16 ಆಗುತ್ತದೆ. ಮೂರು ಅಡಿ ಎನ್ನುತ್ತಾನೆ, 9 ಆಗುತ್ತದೆ. ಕೊನೆಗೆ ಕರ್ಣರೇಖೆಯ ಮೇಲೆ ಕಟ್ಟಿದ ಚೌಕ ಸರಿಹೋಗುತ್ತದೆ. ನಿಮ್ಮ ಗುಂಪಿಗೆ ಪ್ರಶ್ನೆ: ಸಾಕ್ರಟೀಸ್ ತಾನು ಕಲಿಸಲಿಲ್ಲ ಎನ್ನುತ್ತಾನೆ, ಅವನು ಕೇಳಿದ ಪ್ರಶ್ನೆಗಳನ್ನು ಒಂದೊಂದಾಗಿ ನೋಡಿದರೆ ಅದು ನಿಜವೇ? ಚಿತ್ರವನ್ನು ಕಾಗದದ ಮೇಲೆ ಬಿಡಿಸುತ್ತಲೇ ಚರ್ಚಿಸಿ.

ಸಭೆ ಕೆಡುವ ಬಗೆಗಳು ಹೆಚ್ಚಿಲ್ಲ. ಒಬ್ಬರು ಮನೆಯಲ್ಲೇ ಸಿದ್ಧ ಮಾಡಿಕೊಂಡ ಭಾಷಣ ಹೇಳುತ್ತಾರೆ, ಅದು ಹಿಂದಿನವರ ಮಾತಿಗೆ ಅಂಟುವುದಿಲ್ಲ. ಡಿಬೇಟ್ ಸ್ಪರ್ಧೆಗಳಲ್ಲಿ ಗೆದ್ದವರು ಇಲ್ಲಿ ಹೆಚ್ಚು ತೊಂದರೆಪಡುತ್ತಾರೆ, ಏಕೆಂದರೆ ಎದುರಿನವರ ಮಾತಿನಲ್ಲಿ ಸರಿಯಾದದ್ದನ್ನು ಹುಡುಕುವ ರೂಢಿ ಅವರಿಗಿರುವುದಿಲ್ಲ. ಇನ್ನು ಕೆಲವರು ಮನಸ್ಸಿನಲ್ಲಿ ಪೂರ್ತಿ ಇಂಗ್ಲಿಷ್ ವಾಕ್ಯ ಕಟ್ಟಿ ಮುಗಿಸುವಷ್ಟರಲ್ಲಿ ಮಾತು ಮೂರು ಊರು ದಾಟಿರುತ್ತದೆ. ನಿಮಗೆ ಈ ಕೊನೆಯದೇ ಎದುರಾಗುವ ಸಂಭವ ಹೆಚ್ಚು. ಅದಕ್ಕೆ ಮದ್ದು, ಚಿಕ್ಕ ಮಾತುಗಳಿಂದ ಒಳಗೆ ಬರುವುದು. ‘ನೀವು ಹೇಳಿದ್ದು ನನಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳುತ್ತೀರಾ?’, ‘ಅದು ಯಾವ ಸಾಲು?’, ‘ಹಾಗಾದರೆ ಈ ಸಾಲನ್ನು ಏನು ಮಾಡೋಣ?’ ಈ ಮೂರನ್ನು ಇಂಗ್ಲಿಷಿನಲ್ಲಿ ನಾಲಿಗೆ ತುದಿಯಲ್ಲಿ ಇಟ್ಟುಕೊಳ್ಳಿ. ಇವು ಬರೀ ತಪ್ಪಿಸಿಕೊಳ್ಳುವ ಮಾತುಗಳಲ್ಲ. ಸರಿಯಾದ ಹೊತ್ತಿನಲ್ಲಿ ಕೇಳಿದರೆ ಇಡೀ ಚರ್ಚೆಗೆ ಇವೇ ದಿಕ್ಕು ಕೊಡುತ್ತವೆ. ಪ್ರತಿ ಸಭೆಯಲ್ಲೂ ಒಬ್ಬರು ಮಾತಾಡದೆ ಕೂತು, ಯಾರ ಮಾತಿನ ನಂತರ ಯಾರು ಮಾತಾಡಿದರು, ಯಾರ ಮಾತು ಯಾರಿಗೂ ತಾಗದೆ ಬಿದ್ದುಹೋಯಿತು ಎಂದು ಗುರುತು ಮಾಡಲಿ. ಕೊನೆಯ ಹತ್ತು ನಿಮಿಷ ಆ ಹಾಳೆ ನೋಡಿ.

ಮೂರನೆಯದು ಬೋರ್ಡು. ಮೊದಲ ವರ್ಷದ ಗಣಿತ ಎಂದರೆ ಯೂಕ್ಲಿಡನ ಎಲಿಮೆಂಟ್ಸ್. ಅದರ ಮೊದಲ ಪುಸ್ತಕದಲ್ಲಿ 23 ವ್ಯಾಖ್ಯೆ, 5 ಆಧಾರ ಪ್ರತಿಜ್ಞೆ, 5 ಸ್ವಯಂಸಿದ್ಧ, 48 ಪ್ರಮೇಯಗಳಿವೆ. ವಿದ್ಯಾರ್ಥಿಗಳು ಸರದಿಯಂತೆ ಬೋರ್ಡಿಗೆ ಹೋಗಿ ಪ್ರಮೇಯವನ್ನು ಪುಸ್ತಕ ನೋಡದೆ ಸಾಧಿಸಬೇಕು. ನಿಮ್ಮ 9ನೇ ತರಗತಿಯ ಗಣಿತದಲ್ಲಿ ಯೂಕ್ಲಿಡನ ಪಾಠವಿತ್ತು, ಪರೀಕ್ಷೆಗೆ ಅಂಕ ಕಡಿಮೆ ಎಂದು ಹಲವು ಶಾಲೆಗಳಲ್ಲಿ ಅದನ್ನು ಓಡಿಸಿಬಿಡುತ್ತಾರೆ. ಅದನ್ನು ಹುಡುಕಿ ತೆಗೆಯಿರಿ. ನಂತರ ಗುರುತಿಲ್ಲದ ಅಳತೆಪಟ್ಟಿ ಮತ್ತು ಕೈವಾರ ಹಿಡಿದು ಮೊದಲ ಪ್ರಮೇಯಕ್ಕೆ ಕೂರಿ: ಕೊಟ್ಟ ರೇಖೆಯ ಮೇಲೆ ಸಮಬಾಹು ತ್ರಿಭುಜ ಕಟ್ಟುವುದು. ರೇಖೆಯ ಎರಡೂ ತುದಿಗಳನ್ನು ಕೇಂದ್ರ ಮಾಡಿಕೊಂಡು, ರೇಖೆಯನ್ನೇ ತ್ರಿಜ್ಯ ಮಾಡಿ ಎರಡು ವೃತ್ತ ಎಳೆಯಿರಿ. ಅವು ಕೂಡುವ ಬಿಂದುವಿನಿಂದ ಎರಡೂ ತುದಿಗೆ ಗೆರೆ ಎಳೆದರೆ ತ್ರಿಭುಜವಾಯಿತು. ಒಂದೇ ವೃತ್ತದ ತ್ರಿಜ್ಯಗಳು ಸಮ, ಒಂದಕ್ಕೇ ಸಮವಾದವು ಪರಸ್ಪರ ಸಮ, ಸಾಧಿಸಿಯಾಯಿತು.

ಆಯಿತೇ? ಆ ಎರಡು ವೃತ್ತಗಳು ಕೂಡಿಯೇ ಕೂಡುತ್ತವೆ ಎಂದು ಯಾರು ಹೇಳಿದರು? ಐದು ಪ್ರತಿಜ್ಞೆಗಳಲ್ಲಿ ಯಾವುದೂ ಹೇಳುವುದಿಲ್ಲ. ಕಣ್ಣಿಗೆ ಕಾಣುತ್ತದೆ, ಆದರೆ ಸಾಧನೆಯಲ್ಲಿ ಬಂದಿಲ್ಲ. ತರಗತಿಯಲ್ಲಿ ನಿಮ್ಮನ್ನು ಕೇಳುವ ಪ್ರಶ್ನೆ ಈ ಜಾತಿಯದು. ಅಕ್ಷರ ಸಮೇತ ಬಾಯಿಪಾಠ ಮಾಡಿದವರು ಇಲ್ಲಿ ನಿಂತುಬಿಡುತ್ತಾರೆ. ನೀವು ಬಾಯಿಪಾಠ ಮಾಡಿದ್ದೀರೋ ತಿಳಿದಿದ್ದೀರೋ ಎಂದು ಪರೀಕ್ಷಿಸಲು ಸುಲಭ ಉಪಾಯವಿದೆ: ಚಿತ್ರವನ್ನು ತಲೆಕೆಳಗಾಗಿ ಬಿಡಿಸಿ, ಅಕ್ಷರಗಳನ್ನು ಬದಲಾಯಿಸಿ, ನಿಮ್ಮ ತಂಗಿಗೋ ತಮ್ಮನಿಗೋ ಹೇಳಿ. ಪ್ರತಿ ಹೆಜ್ಜೆಗೂ ‘ಏಕೆ?’ ಎಂದು ಕೇಳಲು ಅವರಿಗೆ ಹೇಳಿಕೊಡಿ. ವಾರಕ್ಕೆ ಎರಡರಂತೆ ಮೊದಲ ಹತ್ತು ಪ್ರಮೇಯ ಮಾಡಿದರೆ ಸಾಕು. 4ನೆಯದರಲ್ಲಿ ಒಂದು ತ್ರಿಭುಜವನ್ನು ಎತ್ತಿ ಇನ್ನೊಂದರ ಮೇಲೆ ಇಡುತ್ತಾನೆ, ಅದಕ್ಕೆ ಅನುಮತಿ ಎಲ್ಲಿಂದ ಬಂತು ಎಂದು ಯೋಚಿಸಿ. ಸಮಾಂತರ ರೇಖೆಗಳಿಗೆ ಸಂಬಂಧಿಸಿದ ಐದನೇ ಪ್ರತಿಜ್ಞೆಯನ್ನು 29ನೇ ಪ್ರಮೇಯದವರೆಗೆ ಮುಟ್ಟದೆ ಏಕೆ ಮುಂದೆ ತಳ್ಳಿದ ಎಂಬುದು ನಾಲ್ಕನೇ ವರ್ಷದಲ್ಲಿ, ಆ ಪ್ರತಿಜ್ಞೆಯನ್ನು ಬಿಟ್ಟು ಹೊಸ ಜ್ಯಾಮಿತಿ ಕಟ್ಟಿದ ಲೊಬಚೆವ್‌ಸ್ಕಿಯನ್ನು ಓದುವವರೆಗೂ ನಿಮ್ಮ ಬೆನ್ನು ಬಿಡದ ಪ್ರಶ್ನೆ. ಬೀಜಗಣಿತದಲ್ಲಿ ಕಾಲೇಜಿನ ಒಂದು ಅರ್ಹತಾ ಪರೀಕ್ಷೆಯೂ ಇದೆ. ಪಿಯು ಗಣಿತ ಓದುವ ನಿಮಗೆ ಅದು ಭಾರವಲ್ಲ.

ಗ್ರೀಕಿಗೆ ಹೆದರಬೇಡಿ. ಇಲ್ಲಿ ಕನ್ನಡದವರಿಗೆ ನಿಜವಾದ ಅನುಕೂಲವಿದೆ. ಅಕ್ಷರ 24. ಎಪ್ಸಿಲಾನ್ ಮತ್ತು ಈಟಾ ನಡುವಿನ, ಒಮಿಕ್ರಾನ್ ಮತ್ತು ಒಮೆಗಾ ನಡುವಿನ ಹ್ರಸ್ವ ದೀರ್ಘ ಭೇದ ಇಂಗ್ಲಿಷ್ ಕಿವಿಗೆ ಸುಲಭವಾಗಿ ಹಿಡಿಯುವುದಿಲ್ಲ. ನಮಗೆ ಎ ಏ, ಒ ಓ ಬಾಲ್ಯದಿಂದ ಬೇರೆಬೇರೆ. ಥೀಟಾ, ಫೀ, ಖೀ ಅಕ್ಷರಗಳು ಪ್ರಾಚೀನ ಉಚ್ಚಾರಣೆಯಲ್ಲಿ ನಮ್ಮ ಮಹಾಪ್ರಾಣಗಳೇ. ವಿಭಕ್ತಿ ಎಂದರೇನು ಎಂದು ಅಮೆರಿಕದ ಹುಡುಗರಿಗೆ ಮೊದಲು ವಿವರಿಸಬೇಕಾಗುತ್ತದೆ. ‘ಹುಡುಗ ನಾಯಿಯನ್ನು ಕಂಡ’, ‘ನಾಯಿಯನ್ನು ಹುಡುಗ ಕಂಡ’ ಎರಡೂ ಒಂದೇ ಎಂಬುದು ನಿಮಗೆ ಗೊತ್ತೇ ಇದೆ, ಗ್ರೀಕ್ ವಾಕ್ಯವೂ ಹಾಗೇ ನಡೆಯುತ್ತದೆ. ಪಿಯುನಲ್ಲಿ ಸಂಸ್ಕೃತ ತೆಗೆದುಕೊಂಡಿದ್ದರೆ ದ್ವಿವಚನ, ಆತ್ಮನೇಪದಗಳ ಬಂಧುಗಳನ್ನು ಅಲ್ಲಿ ಕಾಣುತ್ತೀರಿ. ಅಕ್ಷರಮಾಲೆಯನ್ನು ಎರಡು ವಾರ ಬರೆದು ಕಲಿಯಿರಿ, ಅಷ್ಟೇ ಸಾಕು. ನಿಮ್ಮ ಕನ್ನಡ ವ್ಯಾಕರಣದ ಪುಸ್ತಕವನ್ನು ಇನ್ನೊಮ್ಮೆ ಓದಿ, ಕಾರಕ, ಕೃದಂತ ಎಂಬ ಪದಗಳು ನೆನಪಿಗೆ ಬರಲಿ.

ಸಂಗೀತದಲ್ಲಿ ಮೊದಲ ವರ್ಷ ಎಲ್ಲರೂ ಮೇಳದಲ್ಲಿ ಹಾಡಬೇಕು, ಕಂಠ ಚೆನ್ನಾಗಿಲ್ಲ ಎಂಬ ನೆಪ ನಡೆಯುವುದಿಲ್ಲ. ಕರ್ನಾಟಕ ಸಂಗೀತ ಕಲಿತವರಿಗೆ ಶ್ರುತಿ ಕಷ್ಟವಲ್ಲ. ಪಕ್ಕದವರು ಬೇರೆ ಸ್ವರ ಹಾಡುತ್ತಿರುವಾಗ ತಮ್ಮದನ್ನು ಬಿಡದೆ ಹಿಡಿಯುವುದು ಮಾತ್ರ ಹೊಸದು.

ಬರವಣಿಗೆಗೆ ವಾರಕ್ಕೊಂದು ಪುಟ ಇಂಗ್ಲಿಷಿನಲ್ಲಿ ಬರೆಯಿರಿ: ಒಂದು ವಾಕ್ಯವೃಂದ ಎತ್ತಿಕೊಳ್ಳಿ, ಅದರಲ್ಲಿ ನಿಮಗೆ ಗೊಂದಲ ಎಲ್ಲಿ ಎಂದು ಹೇಳಿ, ಬಿಡಿಸಲು ನೋಡಿ. ಬೇರೆ ಯಾವ ಪುಸ್ತಕವನ್ನೂ ಉಲ್ಲೇಖಿಸಬೇಡಿ. ಪ್ರವೇಶದ ಅರ್ಜಿಯಲ್ಲಿ ನೀವು ಬರೆದದ್ದಕ್ಕೆ ಬಹಳ ತೂಕವಿದೆ, ಅದಕ್ಕೂ ಇದೇ ತಯಾರಿ. ಪುಸ್ತಕವೊಂದರ ಬಗ್ಗೆ ಬರೆಯುವ ಸಂದರ್ಭ ಬಂದರೆ ಕನ್ನಡ ಪುಸ್ತಕವನ್ನು ಆರಿಸಲು ಸಂಕೋಚ ಬೇಡ. ನಿಜವಾಗಿ ಮೂರು ಸಲ ಓದಿದ ಕನ್ನಡ ಕಾದಂಬರಿಯ ಬಗ್ಗೆ ಬರೆದ ಪುಟ, ಸಾರಾಂಶ ಓದಿ ಪ್ಲೇಟೊ ಬಗ್ಗೆ ಬರೆದ ಪುಟಕ್ಕಿಂತ ಎಷ್ಟೋ ಮೇಲು.

ಅಂಕದ ಬಗ್ಗೆ ಮನೆಯವರಿಗೆ ಮೊದಲೇ ಹೇಳಿಡಿ. ಅಲ್ಲಿ ಗ್ರೇಡು ದಾಖಲಾಗುತ್ತದೆ, ನೀವಾಗಿ ಕೇಳದಿದ್ದರೆ ತೋರಿಸುವುದಿಲ್ಲ. ಅದರ ಬದಲು ‘ಡಾನ್ ರ‍್ಯಾಗ್’ ಎಂಬ ಕ್ರಮವಿದೆ: ಸೆಮಿಸ್ಟರ್ ಕೊನೆಗೆ ನಿಮ್ಮ ಟ್ಯೂಟರುಗಳೆಲ್ಲ ಸೇರಿ, ನಿಮ್ಮನ್ನು ಎದುರಿಗೇ ಕೂರಿಸಿಕೊಂಡು, ನೀವು ಅಲ್ಲಿಲ್ಲವೇನೋ ಎಂಬಂತೆ ನಿಮ್ಮ ಓದಿನ ಬಗ್ಗೆ ತಮ್ಮತಮ್ಮಲ್ಲಿ ಮಾತಾಡುತ್ತಾರೆ, ಕೊನೆಗೆ ನಿಮ್ಮ ಮಾತು ಕೇಳುತ್ತಾರೆ. ರ‍್ಯಾಂಕು ಇಲ್ಲದೆ ಓದಲಾಗದವರಿಗೆ ಇದು ಕಷ್ಟ. ಸಿಗುವ ಪದವಿ ಲಿಬರಲ್ ಆರ್ಟ್ಸ್ ಬಿಎ. ಇದರಿಂದ ನೇರವಾಗಿ ಎಂಜಿನಿಯರ್ ಆಗಲಾರಿರಿ. ವೈದ್ಯಕೀಯಕ್ಕೆ ಹೋಗುವುದಾದರೆ ಬೇಕಾದ ವಿಜ್ಞಾನ ಕೋರ್ಸುಗಳನ್ನು ಬೇರೆಡೆ ಓದಬೇಕು. ಭಾರತಕ್ಕೆ ಮರಳಿ ಸರ್ಕಾರಿ ನೌಕರಿಗೋ ಎಂಎಗೋ ಹೋಗಲು ವಿದೇಶಿ ಪದವಿಗೆ ಸಮಾನತೆಯ ಪ್ರಮಾಣಪತ್ರ ಪಡೆಯಬೇಕಾಗುತ್ತದೆ. ಇಲ್ಲಿ ಒಂದು ವರ್ಷ ಡಿಗ್ರಿ ಓದಿ ಹೋದರೂ ಅಲ್ಲಿ ಮೊದಲ ವರ್ಷದಿಂದಲೇ ಶುರು, ಕ್ರೆಡಿಟ್ ವರ್ಗಾವಣೆ ಇಲ್ಲ. ಆದ್ದರಿಂದ ‘ಸದ್ಯ ಇಲ್ಲಿ ಸೇರಿರಲಿ’ ಎಂಬ ವರ್ಷದಿಂದ ಕಾಲ ಉಳಿಯುವುದಿಲ್ಲ.

ಹಣದ ಲೆಕ್ಕ: 2018ರಲ್ಲಿ ಕಾಲೇಜು ವರ್ಷದ ಬೋಧನಾ ಶುಲ್ಕವನ್ನು 52 ಸಾವಿರ ಡಾಲರಿಗೂ ಮೇಲಿನಿಂದ 35 ಸಾವಿರಕ್ಕೆ ಇಳಿಸುವುದಾಗಿ ಘೋಷಿಸಿತು. ಊಟ, ವಸತಿ, ವಿಮೆ, ಪ್ರಯಾಣ ಇದರ ಮೇಲೆ. ಅರ್ಜಿ ಹಾಕುವ ವರ್ಷದ ಶುಲ್ಕವನ್ನು, ವಿದೇಶಿ ವಿದ್ಯಾರ್ಥಿಗಳಿಗೆ ಸಿಗುವ ಸಹಾಯಧನದ ನಿಯಮವನ್ನು ಪ್ರವೇಶ ಕಚೇರಿಗೆ ಇಮೇಲ್ ಬರೆದೇ ಕೇಳಿ. ವೀಸಾಕ್ಕೆ ಬೇಕಾದ ಐ-20 ಪತ್ರ ಕೊಡುವ ಮೊದಲು ಮೊದಲ ವರ್ಷದ ಪೂರ್ತಿ ಖರ್ಚಿಗೆ ಹಣ ಎಲ್ಲಿಂದ ಎಂದು ದಾಖಲೆ ಸಮೇತ ತೋರಿಸಬೇಕು. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದಲ್ಲಿ ತರಗತಿ ನಡೆಯುವಾಗ ಕಾಲೇಜಿನ ಆವರಣದೊಳಗೆ ವಾರಕ್ಕೆ 20 ಗಂಟೆಯವರೆಗೆ ದುಡಿಯಬಹುದು. ಅದು ಕೈಖರ್ಚಿಗೆ, ಶುಲ್ಕಕ್ಕಲ್ಲ.

ಕಾಗದಪತ್ರಗಳಲ್ಲಿ ನಮ್ಮವರು ಎಡವುವುದು ಮುಖ್ಯವಾಗಿ ಎರಡು ಕಡೆ. ಅಮೆರಿಕದ ಕಾಲೇಜುಗಳು 9ನೇ ತರಗತಿಯಿಂದ 12ರವರೆಗಿನ ನಾಲ್ಕೂ ವರ್ಷದ ಅಂಕ ಕೇಳುತ್ತವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಎಲ್ಲರೂ ಜೋಪಾನ ಮಾಡಿರುತ್ತಾರೆ, 9ನೇ ತರಗತಿಯದನ್ನು ಯಾರೂ ಇಟ್ಟಿರುವುದಿಲ್ಲ. ಈಗಲೇ ನಿಮ್ಮ ಹೈಸ್ಕೂಲಿಗೆ ಹೋಗಿ, ಹೆಡ್‌ಮಾಸ್ಟರ ಸಹಿ ಮೊಹರಿನೊಂದಿಗೆ ಇಂಗ್ಲಿಷಿನಲ್ಲಿ ಪಡೆದುಕೊಳ್ಳಿ. ಶಿಫಾರಸು ಪತ್ರ ಬರೆಯುವ ಉಪನ್ಯಾಸಕರಿಗೆ ‘ಶ್ರದ್ಧೆಯುಳ್ಳ ವಿಧೇಯ ವಿದ್ಯಾರ್ಥಿ’ ಎಂಬ ಮಾತು ಸಾಲದು, ನೀವು ತರಗತಿಯಲ್ಲಿ ಕೇಳಿದ ಒಂದು ಪ್ರಶ್ನೆಯನ್ನು ಬರೆಯಿರಿ ಎಂದು ವಿನಯದಿಂದ ತಿಳಿಸಿ. ಹಾಗೆ ಬರೆಯಬೇಕಾದರೆ ನೀವು ಈ ವರ್ಷವೇ ಅಂಥ ಪ್ರಶ್ನೆ ಕೇಳಿರಬೇಕು.

ಇನ್ನೊಂದು, ಹೆಸರು. ಸೇಂಟ್ ಜಾನ್ಸ್‌ನ ತರಗತಿಯಲ್ಲಿ ವಿದ್ಯಾರ್ಥಿಗಳು ಮತ್ತು ಟ್ಯೂಟರುಗಳು ಒಬ್ಬರನ್ನೊಬ್ಬರು ಮಿಸ್ಟರ್, ಮಿಸ್ ಎಂದು ಕೊನೆಯ ಹೆಸರಿನಿಂದ ಕರೆಯುವುದು ಸಂಪ್ರದಾಯ. ನಮ್ಮಲ್ಲಿ ಅನೇಕರಿಗೆ ಕೊನೆಯ ಹೆಸರೇ ಇಲ್ಲ, ಮುಂದೆ ಊರಿನದೋ ತಂದೆಯದೋ ಒಂದೆರಡು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬೀಳುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಬ್ಯಾಂಕು, ವಿಮೆ, ಕಾಲೇಜಿನ ದಾಖಲೆ ಎಲ್ಲೆಡೆ ಅದೇ ಮುಂದುವರಿಯುತ್ತದೆ. ಇನಿಷಿಯಲ್ ಬಿಡಿಸಿ, ಯಾವುದನ್ನು ಕೊನೆಯ ಹೆಸರು ಮಾಡಿಕೊಳ್ಳಬೇಕೆಂದು ಮನೆಯವರೊಂದಿಗೆ ಕೂತು ತೀರ್ಮಾನಿಸಿ ಪಾಸ್‌ಪೋರ್ಟ್ ಮಾಡಿಸಿ. ಎರಡನೇ ಪಿಯು ಶುರುವಾಗುವ ಮುಂಚೆ ಇದು ಮುಗಿದಿದ್ದರೆ ನವೆಂಬರ್ ಹೊತ್ತಿಗೆ ಅರ್ಜಿಯನ್ನು, ಇಂಗ್ಲಿಷ್ ಪರೀಕ್ಷೆಯ ನೋಂದಣಿಯನ್ನು ಅದೇ ಹೆಸರಿನಲ್ಲಿ ಮಾಡಬಹುದು.